ವಾಲ್ ಲ್ಯೂಟನ್: ಬಜೆಟ್ ಚಿಕ್ಕದು, ಸ್ಟುಡಿಯೋ ದೊಡ್ಡದು

ಸೆಕೆಂಡ್_ಶೋ:

ಹಾಲಿವುಡ್ ಸ್ಟುಡಿಯೋ ಕಾಲದ ನಿರ್ಮಾಪಕರು ಅಂದ ತಕ್ಷಣ ಸೆಲ್ಜ್ನಿಕ್, ಥಾಲ್ಬರ್ಗ್, ಝಾನುಕ್ ಇವರ ಹೆಸರೇ ಓಡಾಡುತ್ತದೆ. ನನಗೆ ಮಾತಾಡಬೇಕಿರುವುದು ವಾಲ್ ಲ್ಯೂಟನ್ ಬಗ್ಗೆ.

1942ರಲ್ಲಿ ಆರ್‌ಕೆಓ ಸ್ಟುಡಿಯೋ ಇವನನ್ನು ವಾರಕ್ಕೆ 250 ಡಾಲರ್ ಸಂಬಳಕ್ಕೆ ಸೇರಿಸಿಕೊಂಡಿತು. ಹಾರರ್ ಸಿನಿಮಾ ಮಾಡಿಕೊಡಬೇಕು. ಷರತ್ತು ಮೂರು. ಒಂದು ಸಿನಿಮಾಕ್ಕೆ 1,50,000 ಡಾಲರ್ ದಾಟಬಾರದು. 75 ನಿಮಿಷ ಮೀರಬಾರದು. ಹೆಸರು ಮೇಲಿನವರು ಕೊಡುತ್ತಾರೆ, ಅದಕ್ಕೆ ಕತೆ ಇವನು ಹೊಂದಿಸಬೇಕು. ಮೊದಲು ಕೈಗೆ ಬಂದ ಹೆಸರು 'ಕ್ಯಾಟ್ ಪೀಪಲ್'. ಆ ಹೆಸರು ಕೇಳಿದರೆ ಯಾರಿಗಾದರೂ ಬೆಕ್ಕಿನ ಮುಖವಾಡ ಹಾಕಿಕೊಂಡು ಕುಣಿಯುವವರೇ ಕಣ್ಣಮುಂದೆ ಬರುತ್ತಾರೆ, ಅಲ್ವಾ? ಇವನು ಅದನ್ನು ಗಂಡನನ್ನು ಮುಟ್ಟಲು ಹೆದರುವ ಹೆಂಡತಿಯೊಬ್ಬಳ ಕತೆ ಮಾಡಿದ.

1946ರೊಳಗೆ ಅಲ್ಲಿ 11 ಸಿನಿಮಾ ಮುಗಿಸಿದ. ಅದರಲ್ಲಿ 9 ಹಾರರ್. ಇವನ ಬಗ್ಗೆ ಎಲ್ಲ ಕಡೆ ಒಂದೇ ಮಾತು ಓದುತ್ತೇವೆ: ದುಡ್ಡಿರಲಿಲ್ಲ, ಅದಕ್ಕೇ ಕತ್ತಲು ತೋರಿಸಿದ, ಕತ್ತಲಿನಿಂದಲೇ ಗೆದ್ದ. ನನಗೆ ಈ ಮಾತು ಅರ್ಧ ಮಾತ್ರ ಒಪ್ಪಿಗೆ. ದುಡ್ಡು ಕಮ್ಮಿ ಇತ್ತು, ನಿಜ. ಆದರೆ ಬೆನ್ನ ಹಿಂದೆ ಇಡೀ ಸ್ಟುಡಿಯೋ ಇತ್ತು. ಅದೇ ಇಲ್ಲವಾದಾಗ ಏನಾಯಿತು ಅಂತಲೂ ನೋಡಬೇಕು. ಬಲ್ಲವರು ಬನ್ನಿ, ಜಗಳ ಆಡೋಣ.

ಬಾಲ್ಕನಿ_ಟಿಕೆಟ್:

ಸಣ್ಣ ಪ್ರಶ್ನೆ. ನಿರ್ಮಾಪಕ ಅಂದರೆ ದುಡ್ಡು ಹಾಕುವವನು ಅಲ್ವಾ? ನಮ್ಮ ಗಾಂಧಿನಗರದ ಲೆಕ್ಕದಲ್ಲಿ ಮನೆ ಅಡ ಇಟ್ಟು ಸಿನಿಮಾ ಮಾಡುವವನು ನಿರ್ಮಾಪಕ. ಇವನು ವಾರದ ಸಂಬಳಕ್ಕೆ ಇದ್ದ ಅಂತೀರಲ್ಲ?

ಸೆಕೆಂಡ್_ಶೋ:

ಸ್ಟುಡಿಯೋ ಕಾಲದಲ್ಲಿ ಬಹುತೇಕ ನಿರ್ಮಾಪಕರು ನೌಕರರೇ. ದುಡ್ಡು ಸ್ಟುಡಿಯೋದ್ದು. ನಟರು, ಕ್ಯಾಮೆರಾದವರು, ಬಡಗಿಗಳು, ಸಂಗೀತದವರು ಎಲ್ಲರೂ ಸಂಬಳದ ಪಟ್ಟಿಯಲ್ಲಿ ಇರುತ್ತಿದ್ದರು. ಯಾವ ಕತೆ, ಯಾರು ಬರೆಯಬೇಕು, ಯಾರು ನಿರ್ದೇಶನ, ಎಡಿಟಿಂಗ್ ಹೇಗೆ ಅಂತ ತೀರ್ಮಾನಿಸಿ ಹೇಳಿದ ದಿನಕ್ಕೆ ಸಿನಿಮಾ ಒಪ್ಪಿಸುವುದು ನಿರ್ಮಾಪಕನ ಕೆಲಸ. ಲಾಭ ಬಂದರೂ ಕಂಪನಿಗೆ, ನಷ್ಟ ಆದರೂ ಕಂಪನಿಗೆ. ಮನೆ ಉಳಿಯುತ್ತಿತ್ತು, ಕೆಲಸ ಮಾತ್ರ ಯಾವಾಗ ಬೇಕಾದರೂ ಹೋಗಬಹುದಿತ್ತು.

ಆರ್‌ಕೆಓ ಆಗಿನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ನಿರ್ದೇಶಕ ಆರ್ಸನ್ ವೆಲ್ಸ್‌ನನ್ನು ಕರೆತಂದಿದ್ದ ಸ್ಟುಡಿಯೋ ಮುಖ್ಯಸ್ಥ ಜಾರ್ಜ್ ಶೇಫರ್ 1942ರಲ್ಲಿ ಹೊರಗೆ ಹೋದ. ವೆಲ್ಸ್‌ನ ಎರಡನೇ ಸಿನಿಮಾ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಕೈ ಸುಟ್ಟಿತ್ತು. ಆಮೇಲೆ ಬಂದವನು ಚಾರ್ಲ್ಸ್ ಕರ್ನರ್. ಥಿಯೇಟರ್ ವ್ಯವಹಾರದಿಂದ ಬಂದವನು. ನಮಗೆ ಪ್ರತಿಭಾವಂತರು ಸಾಕು, ಜನ ಬರುವಂಥ ಸಿನಿಮಾ ಕೊಡಿ ಅನ್ನುವುದು ಆಗ ಸ್ಟುಡಿಯೋದ ಘೋಷಣೆಯೇ ಆಗಿತ್ತು. ಅಗ್ಗದ ಹಾರರ್ ಸಿನಿಮಾ ಮಾಡಿ ಯೂನಿವರ್ಸಲ್‌ನವರು ದುಡ್ಡು ಮಾಡುತ್ತಿದ್ದರು. ನಮಗೂ ಒಂದು ಯೂನಿಟ್ ಇರಲಿ ಅಂತ ಲ್ಯೂಟನ್‌ನನ್ನು ಕರೆದರು.

ತಮಾಷೆ ಏನೆಂದರೆ, ವೆಲ್ಸ್ ಜೊತೆ ಕೆಲಸ ಮಾಡಿದ್ದ ಎಡಿಟರ್‌ಗಳು ಮಾರ್ಕ್ ರಾಬ್ಸನ್ ಮತ್ತು ರಾಬರ್ಟ್ ವೈಸ್ ಇಬ್ಬರೂ ಕೊನೆಗೆ ಬಂದು ಸೇರಿದ್ದು ಈ ಅಗ್ಗದ ಯೂನಿಟ್ಟಿಗೆ. ಇಬ್ಬರಿಗೂ ನಿರ್ದೇಶನದ ಬಾಗಿಲು ತೆರೆದದ್ದು ಲ್ಯೂಟನ್.

ಎಡಿಟಿಂಗ್_ಟೇಬಲ್:

ರಾಬ್ಸನ್ ಹೆಸರು ಬಂತಲ್ಲ, ಬಸ್ಸಿನ ಕತೆ ನಾನು ಹೇಳುತ್ತೇನೆ.

'ಕ್ಯಾಟ್ ಪೀಪಲ್'ನಲ್ಲಿ ಆಲಿಸ್ ಅನ್ನುವವಳು ರಾತ್ರಿ ಸೆಂಟ್ರಲ್ ಪಾರ್ಕ್ ಪಕ್ಕದ ರಸ್ತೆಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ. ಹಿಂದೆ ಐರೀನಾ, ಚಿರತೆಯಾಗಿಬಿಡುತ್ತೇನೆ ಅಂತ ಹೆದರುವ ಆ ಹೆಂಡತಿ. ಬೀದಿದೀಪ, ಕತ್ತಲು, ಮತ್ತೆ ದೀಪ, ಮತ್ತೆ ಕತ್ತಲು. ಸಂಗೀತ ಇಲ್ಲವೇ ಇಲ್ಲ. ಇಬ್ಬರ ಹೈಹೀಲ್ಸ್ ಸದ್ದು ಮಾತ್ರ. ಒಬ್ಬಳದು ನಿಧಾನ, ಇನ್ನೊಬ್ಬಳದು ಬೇಗ. ಸ್ವಲ್ಪ ಹೊತ್ತಾದ ಮೇಲೆ ಗಮನಿಸಿ, ಹಿಂದಿನ ಸದ್ದು ನಿಂತಿರುತ್ತದೆ. ಅಲ್ಲಿ ಯಾರೂ ಇಲ್ಲ. ಆಲಿಸ್ ನಡಿಗೆ ಓಟವಾಗುತ್ತದೆ. ದೀಪದ ಕಂಬ ಹಿಡಿದು ನಿಂತಾಗ ಬುಸ್ಸೆಂದು ಒಂದು ಸದ್ದು. ಚಿರತೆ ಅಂತ ಎದೆ ಹಾರುತ್ತದೆ. ನೋಡಿದರೆ ಬಸ್ಸು ಬಂದು ಬ್ರೇಕ್ ಹಾಕಿದ್ದು. ಹತ್ತುತ್ತೀಯೋ ಇಲ್ಲವೋ ಅಂತ ಡ್ರೈವರ್ ಕೇಳುತ್ತಾನೆ.

ರಾಬ್ಸನ್ ಆ ಬ್ರೇಕ್ ಸದ್ದನ್ನು ಎಷ್ಟು ಕರಾರುವಾಕ್ಕಾಗಿ ಕೂರಿಸಿದ ಅಂದರೆ ಇಂದಿಗೂ ಸಿನಿಮಾದವರು ಇಂಥ ಸುಳ್ಳು ಬೆದರಿಕೆಗೆ 'ಲ್ಯೂಟನ್ ಬಸ್' ಅನ್ನುತ್ತಾರೆ. ಈಗಿನ ಹಾರರ್ ಸಿನಿಮಾದವರು ಕಲಿತದ್ದು ಸದ್ದು ಮಾತ್ರ. ಅದಕ್ಕೂ ಮುಂಚಿನ ಮೌನವನ್ನು ಯಾರೂ ಕಲಿಯಲಿಲ್ಲ.

ನೆರಳುಬೆಳಕು:

ಇದನ್ನೆಲ್ಲ ಲ್ಯೂಟನ್ ಲೆಕ್ಕಕ್ಕೆ ಯಾಕೆ ಹಾಕುತ್ತೀರಿ? ಸದ್ದು ಕೂರಿಸಿದ್ದು ರಾಬ್ಸನ್. ನಿರ್ದೇಶನ ಜಾಕ್ ಟೂರ್ನರ್. ಕ್ಯಾಮೆರಾ ನಿಕೋಲಸ್ ಮ್ಯೂಸುರಾಕಾ. ಚಿತ್ರಕತೆ ಡಿವಿಟ್ ಬೋಡೀನ್. ಆ ಈಜುಕೊಳದ ದೃಶ್ಯ ನೋಡಿ. ನೀರಿನ ಬೆಳಕು ಗೋಡೆ ಮೇಲೆ ಕುಣಿಯುತ್ತದೆ, ನಡುವೆ ಏನೋ ಒಂದು ನೆರಳು ಹರಿದು ಹೋಗುತ್ತದೆ. ಆ ನೆರಳಿಗೆ ದೀಪದ ಮುಂದೆ ತನ್ನ ಮುಷ್ಟಿಯನ್ನೇ ಆಡಿಸಿದೆ ಅಂತ ಟೂರ್ನರ್ ಹೇಳಿದ್ದಾನೆ. ನಿರ್ಮಾಪಕ ಆಫೀಸಿನಲ್ಲಿ ಕೂತಿದ್ದ. ಟೂರ್ನರ್, ಮ್ಯೂಸುರಾಕಾ ಜೋಡಿ ಆಮೇಲೆ 1947ರಲ್ಲಿ 'ಔಟ್ ಆಫ್ ದಿ ಪಾಸ್ಟ್' ಮಾಡಿತು, ಲ್ಯೂಟನ್ ಇಲ್ಲದೆ. ಅದು ಲ್ಯೂಟನ್‌ನ ಯಾವ ಸಿನಿಮಾಕ್ಕೂ ಕಮ್ಮಿ ಇಲ್ಲ.

ಸೆಕೆಂಡ್_ಶೋ:

ಟೂರ್ನರ್ ದೊಡ್ಡ ನಿರ್ದೇಶಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನು ಈ ಯೂನಿಟ್ಟಿನಲ್ಲಿ ಮಾಡಿದ್ದು ಮೂರೇ ಸಿನಿಮಾ: 'ಕ್ಯಾಟ್ ಪೀಪಲ್', 'ಐ ವಾಕ್ಡ್ ವಿತ್ ಎ ಜಾಂಬಿ', 'ದಿ ಲೆಪರ್ಡ್ ಮ್ಯಾನ್'. ಅವು ಓಡಿದವು ಅಂತ ಸ್ಟುಡಿಯೋ ಅವನನ್ನು ದೊಡ್ಡ ಸಿನಿಮಾಗಳಿಗೆ ಎಳೆದುಕೊಂಡಿತು. ಅದಾದ ಮೇಲೂ ಯೂನಿಟ್ಟಿನ ಸಿನಿಮಾಗಳ ಗುಣ ಹೋಗಲಿಲ್ಲವಲ್ಲ.

1945ರ 'ದಿ ಬಾಡಿ ಸ್ನ್ಯಾಚರ್' ತೆಗೆದುಕೊಳ್ಳಿ. ನಿರ್ದೇಶನ ವೈಸ್, ಕ್ಯಾಮೆರಾ ರಾಬರ್ಟ್ ಡಿ ಗ್ರಾಸ್. ಎಡಿನ್‌ಬರೋ ಬೀದಿಯಲ್ಲಿ ಹಾಡಿ ಭಿಕ್ಷೆ ಬೇಡುವ ಹುಡುಗಿ ಕಮಾನಿನ ಕತ್ತಲೊಳಗೆ ನಡೆದು ಹೋಗುತ್ತಾಳೆ. ಹಿಂದೆ ಗಾಡಿಯವನ ಪಾತ್ರ ಮಾಡಿದ ನಟ ಬೋರಿಸ್ ಕಾರ್ಲಾಫ್‌ನ ಕುದುರೆಗಾಡಿ ಟಕಟಕ ಅಂತ ಅದೇ ಕತ್ತಲಿಗೆ ಹೋಗುತ್ತದೆ. ಕ್ಯಾಮೆರಾ ಇದ್ದಲ್ಲೇ ಇರುತ್ತದೆ. ನಮಗೆ ಹಾಡು ಮಾತ್ರ ಕೇಳುತ್ತಿರುತ್ತದೆ. ಹಾಡು ಅರ್ಧಕ್ಕೆ ನಿಲ್ಲುತ್ತದೆ. ಅಷ್ಟೇ. ಇದು ಬಸ್ಸಿನ ದೃಶ್ಯದ ಅಣ್ಣನೋ ತಮ್ಮನೋ. ಇಲ್ಲಿ ಟೂರ್ನರೂ ಇಲ್ಲ, ಮ್ಯೂಸುರಾಕಾನೂ ಇಲ್ಲ.

ಎರಡಕ್ಕೂ ಇದ್ದ ಒಂದೇ ಕೈ ಬರವಣಿಗೆಯದ್ದು. ಯಾರೇ ಚಿತ್ರಕತೆ ಬರೆದರೂ ಕೊನೆಯ ಕರಡನ್ನು ಲ್ಯೂಟನ್ ತಾನೇ ಕೂತು ತಿದ್ದಿ ಬರೆಯುತ್ತಿದ್ದ. ಹೆಸರು ಹಾಕಿಕೊಳ್ಳುತ್ತಿರಲಿಲ್ಲ. 'ಬಾಡಿ ಸ್ನ್ಯಾಚರ್' ಮತ್ತು 'ಬೆಡ್‌ಲ್ಯಾಮ್' ಎರಡರಲ್ಲಿ ಮಾತ್ರ 'ಕಾರ್ಲೋಸ್ ಕೀತ್' ಅನ್ನುವ ಹುಸಿ ಹೆಸರು ಹಾಕಿದ. ಅದು ಹಿಂದೆ ಕಾದಂಬರಿ ಬರೆಯುವಾಗ ಬಳಸಿದ್ದ ಹೆಸರು.

ಹಳೇ_ಪೇಪರ್_ಕಟಿಂಗ್:

ಕಾದಂಬರಿ ಅಂದಿರಲ್ಲ, ಇವನ ಮುಂಚಿನ ಬದುಕೇ ಒಂದು ಸಿನಿಮಾ. ಹುಟ್ಟಿದ್ದು 1904ರಲ್ಲಿ, ಕಪ್ಪು ಸಮುದ್ರದ ದಂಡೆಯ ಯಾಲ್ಟಾದಲ್ಲಿ. ಮನೆಯವರಿಟ್ಟ ಹೆಸರು ವ್ಲಾದಿಮಿರ್. 1909ರಲ್ಲಿ ತಾಯಿ, ಅಕ್ಕನ ಜೊತೆ ಅಮೆರಿಕಕ್ಕೆ ಬಂದ. ಚಿಕ್ಕಮ್ಮ ಅಲ್ಲಾ ನಾಜಿಮೋವಾ, ಮೂಕಿ ಸಿನಿಮಾ ಕಾಲದ ದೊಡ್ಡ ತಾರೆ.

ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದಾಗ ಸೆಖೆಗೆ ಲಾರಿ ತುಂಬ ಕೋಳಿಗಳು ಸತ್ತುಹೋದವು ಅಂತ ಒಂದು ಸುದ್ದಿ ಬರೆದ. ಪೂರ್ತಿ ಕಟ್ಟುಕತೆ. ಗೊತ್ತಾಗಿ ಕೆಲಸದಿಂದ ತೆಗೆದರು. ನನಗಂತೂ ಇದು ಬಹಳ ಇಷ್ಟ. ಆಮೇಲೆ ನ್ಯೂಯಾರ್ಕಿನಲ್ಲಿ ಎಂಜಿಎಂ ಸ್ಟುಡಿಯೋದ ಪ್ರಚಾರ ವಿಭಾಗ, ಜೊತೆಗೆ ಹೊಟ್ಟೆಪಾಡಿನ ಕಾದಂಬರಿಗಳು. 1930ರಲ್ಲಿ 'ವಿಯರ್ಡ್ ಟೇಲ್ಸ್' ಪತ್ರಿಕೆಯಲ್ಲಿ ಹೆಣ್ಣಾಗಿ ಬದಲಾಗುವ ಚಿರತೆಯ ಕತೆಯೊಂದನ್ನು ಬರೆದಿದ್ದ. 'ಕ್ಯಾಟ್ ಪೀಪಲ್'ಗೆ 12 ವರ್ಷ ಮುಂಚೆ! ಸ್ಟುಡಿಯೋ ಕೊಟ್ಟದ್ದು ಹೆಸರು ಮಾತ್ರ. ಒಳಗಿನ ಸರಕು ಇವನ ಹತ್ತಿರ ಮೊದಲೇ ಇತ್ತು.

ನಡುವೆ ಸೆಲ್ಜ್ನಿಕ್ ಹತ್ತಿರ ಕತೆ ವಿಭಾಗದಲ್ಲಿ ಹಲವು ವರ್ಷ. 1935ರ 'ಎ ಟೇಲ್ ಆಫ್ ಟೂ ಸಿಟೀಸ್'ನಲ್ಲಿ ಕ್ರಾಂತಿಯ ದೃಶ್ಯಗಳನ್ನು ಜೋಡಿಸಿದ್ದು ಲ್ಯೂಟನ್ ಮತ್ತು ಟೂರ್ನರ್. ಇಬ್ಬರ ಪರಿಚಯ ಆಗಿದ್ದೇ ಅಲ್ಲಿ. 'ಗಾನ್ ವಿತ್ ದಿ ವಿಂಡ್'ನಲ್ಲಿ ಅಟ್ಲಾಂಟಾ ರೈಲ್ವೆ ಅಂಗಳದ ತುಂಬ ಗಾಯಾಳುಗಳು ಮಲಗಿರುವುದನ್ನು ಕ್ಯಾಮೆರಾ ಮೇಲೇರಿ ತೋರಿಸುತ್ತದಲ್ಲ, ಆ ದೃಶ್ಯವನ್ನು ಬರೆದವನೂ ಇವನೇ ಅನ್ನುತ್ತಾರೆ. ಇಷ್ಟು ದುಡ್ಡು ಸುರಿದು ಇದನ್ನು ಯಾರು ತೆಗೆಯುತ್ತಾರೆ ಅಂತ ತಮಾಷೆಗೆ ಬರೆದದ್ದಂತೆ.

ಕಿರುಚಿತ್ರ_ಕಾರ್ಖಾನೆ:

ನಾನು ಕಿರುಚಿತ್ರ ಮಾಡುವವನು. ಲ್ಯೂಟನ್ ನಮ್ಮಂಥವರಿಗೆ ದೇವರು. ದುಡ್ಡು ಇಲ್ಲ ಅಂತ ಅಳಬೇಡಿ, ದೀಪ ಆರಿಸಿ ಶೂಟ್ ಮಾಡಿ ಅಂತ ತೋರಿಸಿಕೊಟ್ಟವನು. ಸೆಕೆಂಡ್_ಶೋ ಇದನ್ನು ಯಾಕೆ ಒಪ್ಪುವುದಿಲ್ಲ ಅಂತ ಅರ್ಥವಾಗಲಿಲ್ಲ. ಕಷ್ಟ ಇದ್ದಾಗಲೇ ತಲೆ ಓಡುವುದು.

ಸೆಕೆಂಡ್_ಶೋ:

ದೀಪ ಆರಿಸುವುದು ಸುಲಭ ಸ್ವಾಮಿ. ಆರಿಸಿದ ಮೇಲೂ ಕಾಣುವ ಹಾಗೆ ಮಾಡುವುದು ಕಷ್ಟ. ಅದಕ್ಕೆ ಮ್ಯೂಸುರಾಕಾನಂಥವನು ಬೇಕು. ಅವನು ಲ್ಯೂಟನ್‌ಗೆ ಸಿಕ್ಕಿದ್ದು ಆರ್‌ಕೆಓ ಸಂಬಳದ ಪಟ್ಟಿಯಲ್ಲಿ ಇದ್ದ ಕಾರಣಕ್ಕೆ.

'ಕ್ಯಾಟ್ ಪೀಪಲ್'ನಲ್ಲಿ ಐರೀನಾ ಇರುವ ಕಟ್ಟಡದ ದೊಡ್ಡ ಮೆಟ್ಟಿಲು ನೋಡಿ. ಅದು 'ಆಂಬರ್ಸನ್ಸ್' ಸಿನಿಮಾಕ್ಕೆ ಕಟ್ಟಿದ್ದ ಮೆಟ್ಟಿಲು. ಯಾವ ಸಿನಿಮಾ ಸ್ಟುಡಿಯೋವನ್ನು ಮುಳುಗಿಸಿತು ಅಂತ ಬೈಯುತ್ತಿದ್ದರೋ ಅದರ ಸೆಟ್ಟಿನ ಮೇಲೆ ಇವನ ನಾಯಕಿ ಹತ್ತಿಳಿಯುತ್ತಾಳೆ. ಆ ಮೆಟ್ಟಿಲಿನ ಖರ್ಚು ಲ್ಯೂಟನ್‌ನ ಒಂದೂವರೆ ಲಕ್ಷದಲ್ಲಿ ಬರಲಿಲ್ಲ. 'ದಿ ಘೋಸ್ಟ್ ಶಿಪ್' ಹುಟ್ಟಿದ್ದೂ ಸ್ಟುಡಿಯೋದಲ್ಲಿ ಹಡಗಿನ ಹಳೇ ಸೆಟ್ ಒಂದು ಬಿದ್ದಿದೆ, ಅದಕ್ಕೊಂದು ಕತೆ ಮಾಡು ಅಂತ ಹೇಳಿದ್ದರಿಂದ. ರಾಯ್ ವೆಬ್ ಸಂಗೀತ, ಆಲ್ಬರ್ಟ್ ಡಿ'ಅಗೊಸ್ಟಿನೊ ಕಲೆ, ವಾದ್ಯಗಾರರು, ಸೌಂಡ್ ವಿಭಾಗ, ಹೊಲಿಗೆ ವಿಭಾಗ, ಎಲ್ಲ ಸಿದ್ಧ. ಮನೆ ಊಟ ಬಿಟ್ಟಿ ಇರುವವನು ಕೈಖರ್ಚಿಗೆ ನೂರು ರೂಪಾಯಿ ಸಾಕು ಅಂದ ಹಾಗೆ ಇದು. ನಿಮ್ಮ ಕಿರುಚಿತ್ರಕ್ಕೆ ಇವರಲ್ಲಿ ಒಬ್ಬರನ್ನು ದಿನದ ಲೆಕ್ಕದಲ್ಲಿ ಕರೆಸಿ ನೋಡಿ, ಗೊತ್ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಅಗ್ಗದ ಯೂನಿಟ್ ಆದ್ದರಿಂದ ಮೇಲಿನವರು ಜಾಸ್ತಿ ಇಣುಕುತ್ತಿರಲಿಲ್ಲ. ಹೆಸರು ಪೋಸ್ಟರಿಗೆ ಸರಿಹೊಂದಿದರೆ ಸಾಕಿತ್ತು. ಇಣುಕಿದಾಗೆಲ್ಲ ಕೆಡಿಸಲು ನೋಡಿದ್ದಾರೆ. 'ಕ್ಯಾಟ್ ಪೀಪಲ್'ನಲ್ಲಿ ಚಿರತೆಯನ್ನು ತೋರಿಸಲೇಬೇಕು ಅಂತ ಹಠ ಹಿಡಿದರು. ಕೊನೆಗೆ ಆಫೀಸಿನ ದೃಶ್ಯದಲ್ಲಿ ಮೇಜುಗಳ ನಡುವೆ ಕರಿಚಿರತೆ ಕಾಣಿಸಿಕೊಳ್ಳುತ್ತದೆ, ಆದಷ್ಟು ಕತ್ತಲಲ್ಲಿ.

ಕಿರುಚಿತ್ರ_ಕಾರ್ಖಾನೆ:

ಒಪ್ಪುತ್ತೇನೆ ಅಂತ ಹೇಳಲ್ಲ. ಅದೇ ಸೌಲಭ್ಯ ಆರ್‌ಕೆಓದಲ್ಲಿ ಬಿ ಸಿನಿಮಾ, ಅಂದರೆ ಅಗ್ಗದ ಸಿನಿಮಾ, ಮಾಡುತ್ತಿದ್ದ ಎಲ್ಲರಿಗೂ ಇತ್ತಲ್ಲ? ಅವರ್‍ಯಾರ ಹೆಸರೂ ನಮಗೆ ಗೊತ್ತಿಲ್ಲ. ಹಾಗಾದರೆ ಸೆಟ್ಟಿಗಿಂತ ತಲೆ ಮುಖ್ಯ ಆಯಿತಲ್ಲ!

ಸೆಕೆಂಡ್_ಶೋ:

ಇದು ಒಳ್ಳೆ ಏಟು. ತಲೆ ಮುಖ್ಯ ಅಲ್ಲ ಅಂತ ನಾನೂ ಹೇಳುತ್ತಿಲ್ಲ. ತಲೆಯೊಂದೇ ಸಾಲದು ಅಂತ. ಅದಕ್ಕೆ ಸಾಕ್ಷಿ 1946ರ ಆಮೇಲಿನದ್ದು, ಅದಕ್ಕೆ ಬರುತ್ತೇನೆ.

ಮಳೆ_ನಿಂತಮೇಲೆ:

ಚರ್ಚೆ ಜೋರಾಗಿದೆ. ಆದರೆ 'ಲೆಪರ್ಡ್ ಮ್ಯಾನ್' ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದರಲ್ಲಿನ ಬಾಗಿಲ ದೃಶ್ಯದಷ್ಟು ನನ್ನನ್ನು ಯಾವ ಸಿನಿಮಾನೂ ಹೆದರಿಸಿಲ್ಲ.

ನ್ಯೂ ಮೆಕ್ಸಿಕೋದ ಒಂದು ಊರು. ಚಿರತೆ ತಪ್ಪಿಸಿಕೊಂಡಿದೆ. ಜೋಳದ ಹಿಟ್ಟು ಮುಗಿದಿದೆ, ತಂದುಕೊಡು ಅಂತ ತಾಯಿ ಮಗಳನ್ನು ರಾತ್ರಿ ಹೊರಗೆ ಕಳಿಸುತ್ತಾಳೆ. ಹುಡುಗಿಗೆ ಹೋಗಲು ಭಯ. ತಾಯಿ ಗದರಿ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಾಳೆ. ಹತ್ತಿರದ ಅಂಗಡಿ ಮುಚ್ಚಿದೆ, ದೂರದ್ದಕ್ಕೆ ಹೋಗಬೇಕು. ವಾಪಸ್ ಬರುವಾಗ ರೈಲು ಸೇತುವೆಯ ಕೆಳಗಿನ ಕತ್ತಲು ದಾಟಬೇಕು. ಅಲ್ಲೇ ಮೇಲೆ ರೈಲೊಂದು ಗಡಗಡ ಅಂತ ಹೋಗಿ ಬೆಚ್ಚಿಬೀಳಿಸುತ್ತದೆ. ಎಡಿಟಿಂಗ್_ಟೇಬಲ್ ಹೇಳಿದ ಬಸ್ಸೇ ಇಲ್ಲಿ ರೈಲಾಗಿದೆ.

ಆಮೇಲೆ ಕ್ಯಾಮೆರಾ ಮನೆಯೊಳಗಿದೆ. ಹುಡುಗಿ ಬಾಗಿಲು ಬಡಿಯುತ್ತಾಳೆ, ಕೂಗುತ್ತಾಳೆ. ತಾಯಿಗೆ ಇದು ನಾಟಕ ಅನಿಸುತ್ತದೆ. ಕೂಗು ಬದಲಾದಾಗ ಓಡಿ ಬರುತ್ತಾಳೆ. ಅಗುಳಿ ಸಿಕ್ಕಿಕೊಂಡಿದೆ. ಬರುವುದಿಲ್ಲ. ಬಾಗಿಲ ಕೆಳಗಿನಿಂದ ರಕ್ತ ಒಳಗೆ ಹರಿದು ಬರುತ್ತದೆ. ನಾವು ಹೊರಗೆ ಏನಾಯಿತು ಅಂತ ನೋಡುವುದೇ ಇಲ್ಲ. ಅದು 1943. ಇಡೀ ಸಿನಿಮಾ 66 ನಿಮಿಷ.

ಇಲ್ಲಿ ಉಳಿತಾಯ ಮಾಡಿದ್ದು ದುಡ್ಡು ಅಂತ ನನಗೆ ಅನಿಸುವುದಿಲ್ಲ. ಚಿರತೆಯ ಖರ್ಚು ಎಷ್ಟಾದೀತು? ಹೇಗೂ ಆ ಸಿನಿಮಾದಲ್ಲಿ ಬೇರೆ ಕಡೆ ಚಿರತೆ ಇದೆ. ಬಾಗಿಲ ಈಚೆಗೆ ನಿಲ್ಲಿಸಿದ್ದು ನಾವು ತಾಯಿಯ ಜಾಗದಲ್ಲಿ ಇರಲಿ ಅಂತ.

ನೆರಳುಬೆಳಕು:

ಸೊಗಸಾಗಿ ಹೇಳಿದಿರಿ. ಆದರೂ ನಿರ್ದೇಶಕ ಟೂರ್ನರ್ ಅಂತ ನೆನಪಿಸುತ್ತೇನೆ, ಸುಮ್ನೆ.

ಹಳೇ_ಪೇಪರ್_ಕಟಿಂಗ್:

ಹಹ್ಹ. ಲ್ಯೂಟನ್‌ನ ಹಠದ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಅದು ಇವನ ಶಕ್ತಿ, ಅದೇ ಇವನಿಗೆ ತೊಂದರೆ.

'ದಿ ಸೆವೆಂತ್ ವಿಕ್ಟಿಮ್' ಹೊತ್ತಿಗೆ ದೊಡ್ಡ ಬಜೆಟ್ಟಿನ ಎ ಸಿನಿಮಾ ಮಾಡು ಅಂತ ಸ್ಟುಡಿಯೋ ಮುಂದೆ ಬಂತು. ಇವನು ನಿರ್ದೇಶನಕ್ಕೆ ರಾಬ್ಸನ್ ಹೆಸರು ಹೇಳಿದ. ಆಗ ರಾಬ್ಸನ್ ಒಂದೂ ಸಿನಿಮಾ ನಿರ್ದೇಶಿಸಿರಲಿಲ್ಲ. ಹೊಸಬನಿಗೆ ದೊಡ್ಡ ಸಿನಿಮಾ ಕೊಡುವುದಿಲ್ಲ ಅಂದರು. ಹಾಗಾದರೆ ಚಿಕ್ಕದೇ ಇರಲಿ ಅಂತ ಮಾತಿಗೆ ನಿಂತ. ನಟಿ ಕಿಮ್ ಹಂಟರ್‌ನ ಮೊದಲ ಸಿನಿಮಾ ಅದು. ಅದರಲ್ಲಿ ಸ್ನಾನದ ಪರದೆಯ ಆಚೆ ಒಬ್ಬಳ ನೆರಳು ಬಂದು ನಿಂತು ಮಾತಾಡುವ ದೃಶ್ಯ ಇದೆ. ಹಿಚ್‌ಕಾಕ್‌ನ 'ಸೈಕೋ' ಬಂದದ್ದು 17 ವರ್ಷ ಆದಮೇಲೆ.

'ಘೋಸ್ಟ್ ಶಿಪ್' ಕತೆ ನಮ್ಮದು ಅಂತ ಇಬ್ಬರು ಕೇಸು ಹಾಕಿದರು. ಏನೋ ಒಂದು ಕೊಟ್ಟು ಮುಗಿಸಬಹುದಿತ್ತು. ಲ್ಯೂಟನ್ ಕದ್ದಿಲ್ಲ ಅಂತ ಪಟ್ಟು ಹಿಡಿದ. ಸ್ಟುಡಿಯೋ ಕೇಸು ಸೋತಿತು, ಸಿನಿಮಾ ಥಿಯೇಟರಿನಿಂದ ಹೊರಬಿತ್ತು. ಮತ್ತೆ ಸರಿಯಾಗಿ ಜನರ ಕಣ್ಣಿಗೆ ಬಿದ್ದದ್ದು 1990ರ ದಶಕದಲ್ಲಿ.

ಹೆಸರಿನ ಜಗಳ ಕೇಳಿ. ಒಂಟಿ ಹುಡುಗಿಯೊಬ್ಬಳು ಕಲ್ಪನೆಯಲ್ಲೇ ಗೆಳತಿಯನ್ನು ಕಟ್ಟಿಕೊಳ್ಳುವ ಕತೆ ಮಾಡಿದ. 'ಆಮಿ ಆಂಡ್ ಹರ್ ಫ್ರೆಂಡ್' ಅಂತ ಹೆಸರಿಡಿ ಅಂದ. ಆಗಲ್ಲ ಅಂದರು. 'ದಿ ಕರ್ಸ್ ಆಫ್ ದಿ ಕ್ಯಾಟ್ ಪೀಪಲ್' ಅಂತಲೇ ಬಂತು, 1944ರಲ್ಲಿ. ಬೆಕ್ಕಿನ ಮನುಷ್ಯರನ್ನು ನೋಡಲು ಹೋದವರಿಗೆ ಮಗುವಿನ ಮನಸ್ಸಿನ ಕತೆ ಸಿಕ್ಕಿತು. ವೈಸ್ ನಿರ್ದೇಶಕನಾದದ್ದು ಇದರಲ್ಲೇ. ಮೊದಲಿದ್ದ ಗುಂಥರ್ ವಾನ್ ಫ್ರಿಚ್ ಕೆಲಸ ನಿಧಾನ ಆಯಿತು ಅಂತ ನಡುವೆ ವೈಸ್‌ನನ್ನು ಕೂರಿಸಿದರು.

ಬಾಲ್ಕನಿ_ಟಿಕೆಟ್:

ಕಾರ್ಲಾಫ್ ಹೇಗೆ ಬಂದ? ಫ್ರಾಂಕೆನ್‌ಸ್ಟೈನ್ ಮುಖದವನಿಗೂ ಈ ಶೈಲಿಗೂ ಆಗಿಬರುತ್ತಾ?

ಸೆಕೆಂಡ್_ಶೋ:

ಲ್ಯೂಟನ್‌ಗೂ ಅದೇ ಅನುಮಾನ ಇತ್ತು. ಕಾರ್ಲಾಫ್‌ನನ್ನು ಮೂರು ಸಿನಿಮಾಕ್ಕೆ ಒಪ್ಪಂದ ಮಾಡಿಕೊಂಡದ್ದು ಸ್ಟುಡಿಯೋ. ಇವನಿಗೆ ಯೂನಿವರ್ಸಲ್ ಮಾದರಿಯ ಭೂತಗಳ ಮೇಲೆ ಒಲವೇ ಇರಲಿಲ್ಲ. ಆದರೆ ಕಾರ್ಲಾಫ್ ಒಳ್ಳೆ ನಟ ಅಂತ ಬೇಗ ಗೊತ್ತಾಯಿತು. 'ಐಲ್ ಆಫ್ ದಿ ಡೆಡ್' ನಡುವೆ ಕಾರ್ಲಾಫ್‌ಗೆ ಬೆನ್ನಿನ ಆಪರೇಷನ್ ಆಗಿ ಶೂಟಿಂಗ್ ನಿಂತಿತು. ಎದ್ದು ಬಂದಮೇಲೆ ಮೊದಲು 'ಬಾಡಿ ಸ್ನ್ಯಾಚರ್' ಮುಗಿಸಿ ಆಮೇಲೆ ಇದನ್ನು ಮುಗಿಸಿದರು. ಭೂತದ ಪಾತ್ರಗಳಿಂದ ತನ್ನನ್ನು ಪಾರುಮಾಡಿದವನು ಲ್ಯೂಟನ್ ಅಂತ ಕಾರ್ಲಾಫ್ ಸಂದರ್ಶನದಲ್ಲಿ ಹೇಳಿಕೊಂಡಿದ್ದಾನೆ.

ಈಗ ನಾನು ಬಾಕಿ ಇಟ್ಟ ಮಾತು. 1946ರ ಫೆಬ್ರವರಿಯಲ್ಲಿ ಕರ್ನರ್ ತೀರಿಕೊಂಡ. ಲ್ಯೂಟನ್‌ಗೆ ನೆರಳಾಗಿದ್ದವನು ಅವನೇ. ಆ ವರ್ಷವೇ ಯೂನಿಟ್ ಮುಗಿಯಿತು. ಪ್ಯಾರಾಮೌಂಟ್‌ಗೆ ಹೋಗಿ 'ಮೈ ಓನ್ ಟ್ರೂ ಲವ್' ಮಾಡಿದ. ಎಂಜಿಎಂಗೆ ಹೋಗಿ 'ಪ್ಲೀಸ್ ಬಿಲೀವ್ ಮಿ' ಅನ್ನುವ ಹಾಸ್ಯ ಮಾಡಿದ, ಡೆಬೊರಾ ಕೆರ್ ಇದ್ದಳು. ಎರಡೂ ಯಾರಿಗೂ ನೆನಪಿಲ್ಲ. ಹೆಸರಾದ ತಾರೆಯರು, ದೊಡ್ಡ ಸ್ಟುಡಿಯೋ, ಎಲ್ಲ ಇತ್ತು. ತನ್ನ ಜನ ಇರಲಿಲ್ಲ, ಕೊನೆಯ ಕರಡು ತನ್ನದಾಗಿರಲಿಲ್ಲ. ನಡುವೆ ಹೃದಯಾಘಾತ ಬೇರೆ. ರಾಬ್ಸನ್, ವೈಸ್ ಜೊತೆ ಸೇರಿ ಸ್ವಂತ ಕಂಪನಿ ಮಾಡುವ ಯೋಜನೆ ಇತ್ತು. ಅವರಿಬ್ಬರೂ ಇವನನ್ನು ಬಿಟ್ಟು ಮುಂದೆ ಹೋದರು. ರಾಬ್ಸನ್‌ಗಾಗಿ ಎ ಸಿನಿಮಾ ಬಿಟ್ಟುಕೊಟ್ಟವನಿಗೆ ಇದು! ನನಗೆ ಇವತ್ತಿಗೂ ಇದು ಜೀರ್ಣವಾಗುವುದಿಲ್ಲ.

ಎಡಿಟಿಂಗ್_ಟೇಬಲ್:

ಅಷ್ಟು ಸಿಟ್ಟು ಬೇಡ. ಅವರೂ ಹೊಟ್ಟೆಪಾಡು ನೋಡಬೇಕಿತ್ತು. ವೈಸ್ 1963ರಲ್ಲಿ 'ದಿ ಹಾಂಟಿಂಗ್' ಮಾಡಿದಾಗ ಪೂರ್ತಿ ಗುರುವಿನ ರೀತಿಯಲ್ಲೇ ಮಾಡಿದ. ಬಾಗಿಲ ಆಚೆ ಸದ್ದು, ಕಣ್ಣಿಗೆ ಏನೂ ಇಲ್ಲ.

ಕೊನೆಯ ಸಿನಿಮಾವನ್ನೂ ಬಿಟ್ಟುಬಿಟ್ಟಿರಿ. ಯೂನಿವರ್ಸಲ್‌ಗೆ ಮಾಡಿದ 'ಅಪಾಚೆ ಡ್ರಮ್ಸ್', ಕಲರ್ ವೆಸ್ಟರ್ನ್. ಕೊನೆಯ ಭಾಗದಲ್ಲಿ ಜನ ಮಣ್ಣಿನ ಚರ್ಚಿನೊಳಗೆ ಸಿಕ್ಕಿಕೊಂಡಿದ್ದಾರೆ. ಕಿಟಕಿಗಳು ಎತ್ತರದಲ್ಲಿವೆ. ಹೊರಗೆ ನಗಾರಿ. ನಗಾರಿ ನಿಂತರೆ ಇನ್ನೂ ಭಯ. ಆಮೇಲೆ ಮೈಗೆ ಬಣ್ಣ ಬಳಿದುಕೊಂಡವರು ಆ ಕಿಟಕಿಗಳಿಂದ ಒಳಗೆ ಧುಮುಕುತ್ತಾರೆ. ಮೂಲನಿವಾಸಿಗಳನ್ನು ತೋರಿಸಿದ ರೀತಿ ಈಗ ನೋಡಿದರೆ ಸರಿಯಿಲ್ಲ, ಅದು ಬೇರೆ ಮಾತು. ಆದರೆ ಯೂನಿಟ್ ಇಲ್ಲದೆ, ಟೂರ್ನರ್, ರಾಬ್ಸನ್, ವೈಸ್ ಯಾರೂ ಇಲ್ಲದೆ ಇದನ್ನು ಮಾಡಿದ್ದಾನೆ. ನಿಮ್ಮ ವಾದ ಇಲ್ಲಿ ಸ್ವಲ್ಪ ಕುಂಟುತ್ತದೆ.

ಸೆಕೆಂಡ್_ಶೋ:

ಕೊನೆಯ ಭಾಗ ಚೆನ್ನಾಗಿದೆ, ಸರಿ. ಅದಕ್ಕೂ ಮುಂಚಿನದನ್ನು ಇನ್ನೊಮ್ಮೆ ನೋಡಿ ಬನ್ನಿ, ಆಮೇಲೆ ಮಾತಾಡೋಣ.

ಆ ಸಿನಿಮಾ ತೆರೆಗೆ ಬರುವ ಮೊದಲೇ, 1951ರ ಮಾರ್ಚ್ 14ರಂದು ಲ್ಯೂಟನ್ ಹೋಗಿಬಿಟ್ಟ. 46 ವರ್ಷ. ನಿರ್ಮಾಪಕ ಸ್ಟ್ಯಾನ್ಲಿ ಕ್ರೇಮರ್ ಜೊತೆ ಕೆಲಸಕ್ಕೆ ಆಗಷ್ಟೇ ಸೇರಿದ್ದ.

ಬಾಲ್ಕನಿ_ಟಿಕೆಟ್:

ನಾನು ಒಂದನ್ನೂ ನೋಡಿಲ್ಲ. ಯಾವುದರಿಂದ ಶುರು ಮಾಡಲಿ?

ಮಳೆ_ನಿಂತಮೇಲೆ:

'ಲೆಪರ್ಡ್ ಮ್ಯಾನ್'. ಬೇರೆ ಮಾತೇ ಇಲ್ಲ.

ಹಳೇ_ಪೇಪರ್_ಕಟಿಂಗ್:

ಮೊದಲು 'ಕ್ಯಾಟ್ ಪೀಪಲ್', 73 ನಿಮಿಷ. ಆಮೇಲೆ 'ಐ ವಾಕ್ಡ್ ವಿತ್ ಎ ಜಾಂಬಿ'. ಹೆಸರು ಕೇಳಿ ಓಡಬೇಡಿ, ಅದು 'ಜೇನ್ ಐರ್' ಕಾದಂಬರಿಯನ್ನು ವೆಸ್ಟ್ ಇಂಡೀಸ್‌ಗೆ ಒಯ್ದು ಮಾಡಿದ್ದು. ಕಬ್ಬಿನ ಗದ್ದೆಯಲ್ಲಿ ರಾತ್ರಿ ನಡೆಯುವ ದೃಶ್ಯಕ್ಕೆ ಇಯರ್‌ಫೋನ್ ಹಾಕಿಕೊಳ್ಳಿ.

ನೆರಳುಬೆಳಕು:

ಮೂವರು ಮೂರು ಹೇಳುವ ಮುಂಚೆ ಹೇಳಿಬಿಡುತ್ತೇನೆ, ಮೇಲಿನ ಮೂರೂ ಟೂರ್ನರ್ ಸಿನಿಮಾಗಳೇ.

ಸೆಕೆಂಡ್_ಶೋ:

ಹಾಗಾದರೆ ನಾಲ್ಕನೆಯದಾಗಿ 'ಸೆವೆಂತ್ ವಿಕ್ಟಿಮ್' ನೋಡಲಿ. ಅದನ್ನು ನೋಡಿ ಬಂದು ಟೂರ್ನರ್ ಎಲ್ಲಿದ್ದಾನೆ ಅಂತ ಇವರೇ ನಿಮಗೆ ಕೇಳುತ್ತಾರೆ.